ಜ್ವರ ಬಂದ ಕೊರಿಯಾದ ಹುಡುಗಿ ಕಂಬಳಿ ಹೊದ್ದು ಬೆವರುತ್ತಿದ್ದಾಳೆ, ತಡೆಯಲೇ ಬೇಡವೇ?

ಗೋಕುಲಂ ನಿವೃತ್ತ ಶಿಕ್ಷಕಿ (ಮಂಗಳವಾರ, ರಾತ್ರಿ 8.40)

ನಮ್ಮ ಮನೆ ಮೈಸೂರಿನ ಗೋಕುಲಂ ಮೂರನೇ ಹಂತದಲ್ಲಿದೆ. ಮಹಡಿಯ ಕೋಣೆಯನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಈಗ ಇರುವವಳು ದಕ್ಷಿಣ ಕೊರಿಯಾದ ಹುಡುಗಿ, ಇಪ್ಪತ್ತೊಂಬತ್ತು ವರ್ಷ. ಬಂದು ಎರಡು ತಿಂಗಳಾಯಿತು. ನನ್ನನ್ನು ಅಮ್ಮ ಎಂದೇ ಕರೆಯುತ್ತಾಳೆ, ಹಬ್ಬದ ದಿನ ನಮ್ಮ ಜೊತೆ ನೆಲದ ಮೇಲೆ ಕುಳಿತು ಎಲೆಯಲ್ಲಿ ಉಣ್ಣುತ್ತಾಳೆ.

ನಿನ್ನೆ ರಾತ್ರಿ ಅವಳಿಗೆ ಜ್ವರ ಬಂತು. ಹಲ್ಲು ಕಟಕಟ ಎನ್ನುವಷ್ಟು ಚಳಿ. ಥರ್ಮಾಮೀಟರಿನಲ್ಲಿ 102 ಇತ್ತು. ನಾನು ಬಟ್ಟಲಲ್ಲಿ ತಣ್ಣೀರು, ಹಳೆಯ ಪಂಚೆಯ ತುಂಡು ಹಿಡಿದು ಮೇಲೆ ಹೋದರೆ ಎರಡೂ ಕೈ ಅಡ್ಡ ಹಿಡಿದು ಬೇಡ ಎಂದಳು. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಎರಡು ಕಂಬಳಿ ಹೊದ್ದುಕೊಂಡಳು. ಊರಿನಿಂದ ತಂದಿದ್ದ ಒಂದು ಪುಟ್ಟ ಪೊಟ್ಟಣವನ್ನು ಬಿಸಿನೀರಿನಲ್ಲಿ ಕದಡಿ ಕುಡಿದಳು. ಕಂದು ಬಣ್ಣದ ಪುಡಿ, ಚಕ್ಕೆಯ ವಾಸನೆ. ಆಮೇಲೆ ನನ್ನಿಂದ ಗಂಜಿ ಮಾಡಿಸಿಕೊಂಡು ಸುಡುಸುಡು ಇರುವಾಗಲೇ ಕುಡಿದಳು. ಮೊಬೈಲಿನಲ್ಲಿ ಅನುವಾದ ಮಾಡಿ ತೋರಿಸಿದ್ದು: "ಬೆವರು ಬಂದರೆ ರೋಗ ಹೊರಗೆ ಹೋಗುತ್ತದೆ."

ಬೆಳಿಗ್ಗೆ ಜ್ವರ 100ಕ್ಕೆ ಇಳಿದಿತ್ತು, ನನಗೂ ಸಮಾಧಾನವಾಯಿತು. ಆದರೆ ಇಂದು ಮಧ್ಯಾಹ್ನ 103. ಈಗ ಚಳಿಯಿಲ್ಲ. ಮುಖ ಕೆಂಪಾಗಿದೆ, ಕಣ್ಣುಗುಡ್ಡೆಯ ಹಿಂದೆ ನೋವು ಎನ್ನುತ್ತಾಳೆ, ತಣ್ಣೀರು ಮೇಲಿಂದ ಮೇಲೆ ಕೇಳುತ್ತಾಳೆ. ನಿದ್ದೆಯಲ್ಲಿ ಕಂಬಳಿಯನ್ನು ಒದ್ದು ಎಸೆಯುತ್ತಾಳೆ, ಎಚ್ಚರವಾದೊಡನೆ ಮತ್ತೆ ಎಳೆದುಕೊಳ್ಳುತ್ತಾಳೆ. ಅವಳ ತಾಯಿ ಫೋನಿನಲ್ಲಿ ಹಾಗೆಯೇ ಹೇಳುತ್ತಿದ್ದಾರಂತೆ. ಇವತ್ತು ಆ ಪುಡಿಯನ್ನು ಎರಡು ಬಾರಿ ಕುಡಿದಿದ್ದಾಳೆ.

ಪಾಂಡವಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನ ತಾಯಿಯೂ ಜ್ವರಕ್ಕೆ ಗಂಜಿ ಕುಡಿಸಿ ಕಂಬಳಿ ಹೊದಿಸುತ್ತಿದ್ದರು. ಹಾಗಾಗಿ ತಪ್ಪು ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಆದರೆ ಪರರ ಮಗಳು, ದೂರದ ದೇಶ. ಕೊರಿಯಾ, ಚೀನಾದ ವೈದ್ಯದಲ್ಲಿ ಜ್ವರಕ್ಕೆ ನಿಜವಾಗಿ ಏನು ಮಾಡುತ್ತಾರೆ? ತಿಳಿದವರು ಹೇಳಿ. ಹೊರಗಿನವಳೆಂದು ನಾನು ಸುಮ್ಮನಿರಲಾರೆ.

ಮಂಡ್ಯದ ನರ್ಸ್ (ಮಂಗಳವಾರ, ರಾತ್ರಿ 9.05)

ಅಮ್ಮ, ಯಾವ ದೇಶದ ವೈದ್ಯ ಎನ್ನುವುದು ಆಮೇಲೆ. ಕಣ್ಣಿನ ಹಿಂದೆ ನೋವು, ದಿಢೀರನೆ 103 ಜ್ವರ, ನಮ್ಮ ಭಾಗ ಎಂದರೆ ಮೊದಲು ನೆನಪಾಗಬೇಕಾದದ್ದು ಡೆಂಗಿ. ನಾಳೆ ಬೆಳಿಗ್ಗೆಯೇ ವೈದ್ಯರ ಬಳಿ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಎನ್‌ಎಸ್1 ಎಂಬ ಪರೀಕ್ಷೆ ಮೊದಲ ಐದು ದಿನದೊಳಗೆ ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ಪ್ಲೇಟ್‌ಲೆಟ್ ಎಣಿಕೆ, ಮಲೇರಿಯಾಕ್ಕೂ ಒಂದು ಹನಿ ರಕ್ತ.

ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೋಫೆನಾಕ್ ಯಾವುದೂ ಕೂಡದು, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕಂಬಳಿ ತೆಗೆಸಿ. ಹೀಗೆ ಬೆವರಿಸಿದರೆ ದೇಹದ ನೀರು ಬತ್ತುತ್ತದೆ, ಡೆಂಗಿಯಲ್ಲಿ ಅದೇ ದೊಡ್ಡ ಕಷ್ಟ. ಗಂಜಿ, ಎಳನೀರು, ಓಆರ್‌ಎಸ್ ಧಾರಾಳವಾಗಿ ಕೊಡಿ. ಮೂತ್ರ ಎಷ್ಟು ಬಾರಿ ಹೋಗುತ್ತಾಳೆ ಎಂದು ಕೇಳುತ್ತಿರಿ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಇವುಗಳಲ್ಲಿ ಒಂದು ಕಂಡರೂ ಮಧ್ಯರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.

ದೇಗುವಿನಲ್ಲಿದ್ದವಳು (ಮಂಗಳವಾರ, ರಾತ್ರಿ 11.20)

ಮೇಡಂ, ಮೇಲೆ ನರ್ಸ್ ಹೇಳಿರುವುದನ್ನು ಮೊದಲು ಮಾಡಿ. ನಿಮ್ಮ ಪ್ರಶ್ನೆಗೆ ಉತ್ತರ ಹೇಳಬೇಕೆಂದೇ ಇಷ್ಟು ಹೊತ್ತು ಕುಳಿತು ಬರೆದೆ, ಏಕೆಂದರೆ ಆ ಹುಡುಗಿಯನ್ನು ಒಪ್ಪಿಸಲು ಇದು ನಿಮಗೆ ಬೇಕಾಗುತ್ತದೆ. ಅವಳ ನಂಬಿಕೆ ಸುಳ್ಳು ಎಂದರೆ ಅವಳು ಕೇಳುವುದಿಲ್ಲ. ಅವಳ ಪರಂಪರೆಯೇ ಈ ಹೊತ್ತಿನಲ್ಲಿ ಕಂಬಳಿ ಬೇಡ ಎನ್ನುತ್ತದೆ ಎಂದು ಹೇಳಿ. ಅದು ನಿಜ.

ಗಂಡನ ಕೆಲಸದ ಸಲುವಾಗಿ ನಾವು ಆರು ವರ್ಷ ಕೊರಿಯಾದ ದೇಗು ನಗರದಲ್ಲಿದ್ದೆವು. ಈಗ ಕುವೆಂಪುನಗರಕ್ಕೆ ಮರಳಿದ್ದೇವೆ. ನಾನು ವೈದ್ಯೆಯಲ್ಲ. ಆದರೆ ದೇಗುವಿನಲ್ಲಿ 1658ರಿಂದ ನಡೆದುಬಂದ ಗಿಡಮೂಲಿಕೆಗಳ ಪೇಟೆಯಿದೆ. ಆ ಬೀದಿಗೆ ಕಾಲಿಟ್ಟರೆ ನಮ್ಮ ದೇವರಾಜ ಮಾರುಕಟ್ಟೆಯ ಗ್ರಂಧಿಗೆ ಅಂಗಡಿಯ ಮುಂದೆ ನಿಂತ ಹಾಗೆ ಅನಿಸುತ್ತಿತ್ತು: ಅತಿಮಧುರ, ಶುಂಠಿ, ಚಕ್ಕೆ. ತಾಯ್ನಾಡು ನೆನಪಾದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದೆ.

ಮೊದಲ ಚಳಿಗಾಲದಲ್ಲಿ ನನಗೆ ಜ್ವರ ಬಂದು ಅಲ್ಲಿಯ ಸಾಂಪ್ರದಾಯಿಕ ವೈದ್ಯರೊಬ್ಬರ ಬಳಿ ಹೋದೆ. ಆ ವೈದ್ಯಕ್ಕೆ ಅಲ್ಲಿ ಆರು ವರ್ಷದ ಕಾಲೇಜು, ಸರ್ಕಾರದ ಪರವಾನಗಿ ಎಲ್ಲವೂ ಇದೆ, ಮನೆಮದ್ದಿನ ಮಟ್ಟದ್ದೆಂದು ತಿಳಿಯಬೇಡಿ. ಅವರು ಜ್ವರ ಎಷ್ಟು ಡಿಗ್ರಿ ಎಂದು ಕೇಳುವ ಮೊದಲೇ ಕೇಳಿದ್ದು ಇವು: ಗಾಳಿ ಸೋಕಿದರೆ ಚಳಿಯಾಗುತ್ತದೆಯೇ? ಕತ್ತಿನ ಹಿಂಭಾಗ ಬಿಗಿದಿದೆಯೇ? ಬೆವರು ಬಂತೇ? ಬಾಯಾರಿಕೆಯೇ, ಬಿಸಿನೀರು ಬೇಕೆನಿಸುತ್ತದೆಯೋ ತಣ್ಣೀರೋ? ಆಮೇಲೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆ ನೋಡಿದರು. ಪುಡಿ ಕೊಟ್ಟು, ಕುಡಿದ ಮೇಲೆ ಬಿಸಿ ಗಂಜಿ ಕುಡಿದು ಹೊದ್ದು ಮಲಗಿ, ಸ್ವಲ್ಪ ಬೆವರಲಿ ಎಂದರು. ನಾನು ಬೇಗ ಗುಣವಾಗಲೆಂದು ಮೂರು ಹೊದಿಕೆ ಹೊದ್ದು, ನೆಲ ಬಿಸಿ ಮಾಡುವ ಯಂತ್ರವನ್ನೂ ಏರಿಸಿ ಮಲಗಿದೆ. ಬೆಳಿಗ್ಗೆ ಹಾಸಿಗೆ ಹಿಂಡಿದರೆ ನೀರು ಸುರಿಯುವ ಹಾಗಿತ್ತು. ಎದ್ದು ನಿಂತರೆ ಕಣ್ಣು ಕತ್ತಲೆ. ಮರುದಿನ ಅವರು ನನ್ನ ಕತ್ತಿನ ಹಿಂದೆ ಅಂಗೈ ಇಟ್ಟು ನೋಡಿ ಬಹಳ ನೊಂದುಕೊಂಡರು. ಬೇಕಾಗಿದ್ದದ್ದು ಹುಲ್ಲಿನ ಮೇಲಿನ ಇಬ್ಬನಿಯಷ್ಟು, ನೀವು ಮಳೆ ಸುರಿಸಿಕೊಂಡಿದ್ದೀರಿ ಎಂದರು. ಆ ಮಾತು ಅವರದೇ ಎಂದುಕೊಂಡಿದ್ದೆ. ಅದರ ಹಿಂದೆ ಹದಿನೆಂಟು ಶತಮಾನಗಳ ಎಚ್ಚರಿಕೆಯಿದೆ ಎಂದು ತಿಳಿದದ್ದು ಆಮೇಲೆ.

ಚೀನಾದಲ್ಲಿ ಹಾನ್ ವಂಶದ ಆಳ್ವಿಕೆ ಕುಸಿಯುತ್ತಿದ್ದ ಕಾಲದಲ್ಲಿ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯನಿದ್ದ. ಅವನ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದರಂತೆ. 196ರಿಂದ ಹತ್ತು ವರ್ಷ ತುಂಬುವುದರೊಳಗೆ ಅವರಲ್ಲಿ ಮೂರರಲ್ಲಿ ಎರಡು ಪಾಲು ಸತ್ತರು, ಸತ್ತವರಲ್ಲಿ ಹತ್ತಕ್ಕೆ ಏಳು ಜನ ಜ್ವರದಿಂದ. ಆ ದುಃಖದಿಂದಲೇ ಬರೆಯಲು ಕುಳಿತೆ ಎಂದು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಆ ಗ್ರಂಥವೇ ಷಾಂಗ್‌ಹಾನ್ ಲುನ್, ಶೀತದ ಪೆಟ್ಟಿನಿಂದ ಬರುವ ರೋಗಗಳ ವಿಚಾರ. ಮನೆಯ ಹೆಣಗಳನ್ನು ಕಂಡವನು ಬರೆದದ್ದಾದ್ದರಿಂದಲೋ ಏನೋ, ಅದರಲ್ಲಿ ಮದ್ದು ಕೊಡುವುದಕ್ಕಿಂತ ಮದ್ದು ನಿಲ್ಲಿಸುವುದರ ಬಗ್ಗೆ ನನಗೆ ಹೆಚ್ಚು ಕಾಳಜಿ ಕಾಣುತ್ತದೆ.

ಅವನ ಪ್ರಕಾರ ಜ್ವರ ಒಂದೇ ಕಡೆ ನಿಲ್ಲುವುದಿಲ್ಲ, ಮನೆಗೆ ನುಗ್ಗುವ ಕಳ್ಳನಂತೆ ಬಾಗಿಲಿನಿಂದ ಒಳಕೋಣೆಗೆ ಸರಿಯುತ್ತದೆ. ಆರು ಹಂತಗಳನ್ನು ಹೇಳುತ್ತಾನೆ, ನಿಮಗೆ ಈಗ ಬೇಕಾದದ್ದು ಮೊದಲ ಎರಡು ಮಾತ್ರ. ಮೊದಲ ಹಂತದಲ್ಲಿ ರೋಗ ಇನ್ನೂ ಹೊಸ್ತಿಲಿನಲ್ಲಿದೆ: ಚಳಿ, ಮೈಕೈ ನೋವು, ಕತ್ತು ಬಿಗಿತ. ಆಗ ಚರ್ಮದ ದಾರಿಯಿಂದಲೇ ಹೊರಗೆ ಕಳುಹಿಸಬೇಕು, ಅಂದರೆ ಬೆವರು. ಇದಕ್ಕೆ ಹೇಳಿದ ಒಂದು ಕಷಾಯದಲ್ಲಿ ಚಕ್ಕೆ ಮರದ ಕಿರುಕೊಂಬೆ, ಪಿಯೋನಿ ಎಂಬ ಹೂಗಿಡದ ಬೇರು, ಶುಂಠಿ, ಯಲಚಿ ಜಾತಿಯ ಹಣ್ಣು, ಅತಿಮಧುರ, ಇಷ್ಟೇ. ಅದನ್ನು ಕುಡಿದು ಸ್ವಲ್ಪ ಹೊತ್ತಿಗೆ ತೆಳುವಾದ ಬಿಸಿ ಗಂಜಿ ಕುಡಿಯಬೇಕು, ಸುಮಾರು ಎರಡು ಗಂಟೆ ಹೊದ್ದಿರಬೇಕು. ಮೈಯೆಲ್ಲ ಸಣ್ಣಗೆ ತೇವವಾದರೆ ಸಾಕು, ನೀರಿನಂತೆ ಹರಿಯಬಾರದು, ಹರಿದರೆ ರೋಗ ಹೋಗುವುದಿಲ್ಲ. ಒಂದು ಸಲಕ್ಕೆ ಗುಣ ಕಂಡರೆ ಉಳಿದ ಮದ್ದನ್ನು ಕುಡಿಯುವಂತಿಲ್ಲ. ಹಾಲು ಮೊಸರು, ಮಾಂಸ, ಹೆಂಡ, ತಣ್ಣಗಿನ ಹಸಿ ಪದಾರ್ಥ ವರ್ಜ್ಯ. ಜ್ವರ ಬಂದಾಗ ನಮ್ಮ ಅಜ್ಜಿ ಮಜ್ಜಿಗೆಯ ಪಾತ್ರೆಯನ್ನು ಮುಚ್ಚಿಡುತ್ತಿದ್ದದ್ದು ನನಗೆ ನೆನಪಾಯಿತು.

ಎರಡನೆಯದು ರೋಗ ಒಳಗೆ ಹೊಕ್ಕ ಹಂತ. ಚಳಿ ಹೋಗಿ ಸೆಕೆ, ಧಾರಾಕಾರ ಬೆವರು, ತಡೆಯಲಾರದ ಬಾಯಾರಿಕೆ, ಉಕ್ಕುವ ನಾಡಿ. ಮೇಡಂ, ನೀವು ಮಂಗಳವಾರ ಮಧ್ಯಾಹ್ನದ್ದೆಂದು ಬರೆದಿರುವ ಲಕ್ಷಣಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಇಲ್ಲಿ ಬೆವರಿಸಬಾರದು, ತಂಪು ಮಾಡಬೇಕು, ನೀರನ್ನು ಉಳಿಸಬೇಕು. ಈ ಹಂತದ ಹೆಸರಾಂತ ಕಷಾಯಕ್ಕೆ ಬಿಳಿಹುಲಿ ಎಂದು ಹೆಸರು. ಅದರಲ್ಲಿ ಮುಖ್ಯವಾದದ್ದು ಒಂದು ಕಲ್ಲು, ಜಿಪ್ಸಂ. ಜೊತೆಗೆ ಒಂದು ಬೇರು, ಅತಿಮಧುರ, ಒಂದಿಷ್ಟು ಅಕ್ಕಿ. ಗಡಿಯಾರವಿಲ್ಲದ ಕಾಲದ ಸೂಚನೆ ಎಷ್ಟು ಚೆಂದವಾಗಿದೆ ನೋಡಿ: ಅಕ್ಕಿ ಬೆಂದರೆ ಕಷಾಯ ಆಯಿತು. ಇದನ್ನು ಮನೆಯಲ್ಲಿ ಮಾಡಿ ಎಂದು ನಾನು ಹೇಳುತ್ತಿಲ್ಲ. ಅವಳಿಗೆ ಹೇಳಬೇಕಾದ ಮಾತು ಇಷ್ಟೇ: ಕಾಲು ಕಂಬಳಿಯನ್ನು ಒದೆಯುತ್ತಿದೆ, ಬಾಯಿ ತಣ್ಣೀರು ಕೇಳುತ್ತಿದೆ, ಅಂದರೆ ಹೊದ್ದು ಬೆವರುವ ಹಂತ ದಾಟಿದೆ. ಈ ಮಾತನ್ನು ಅವಳ ತಾಯಿಗೂ ಫೋನಿನಲ್ಲಿ ಅನುವಾದಿಸಿ ತೋರಿಸಿ.

ಇನ್ನೊಂದು, ಆ ಪೊಟ್ಟಣದ ಮೇಲೆ ಏನು ಬರೆದಿದೆ? ಗಲ್ಗುನ್‌ತಾಂಗ್ ಎಂದಿದ್ದರೆ ಈ ಕ್ಷಣವೇ ನಿಲ್ಲಿಸಿ. ಕೊರಿಯಾದಲ್ಲಿ ನೆಗಡಿ, ಜ್ವರಕ್ಕೆ ಎಲ್ಲರ ಮನೆಯಲ್ಲೂ ಇರುವಂಥದು. ಕುಡ್ಜು ಎಂಬ ಬಳ್ಳಿಯ ಗೆಡ್ಡೆ ಅದರ ಮುಖ್ಯ ವಸ್ತು. ಆದರೆ ಅದರಲ್ಲಿ ಎಫಿಡ್ರಾ ಎಂಬ ಗಿಡವೂ ಸೇರಿರುತ್ತದೆ. ಎಫಿಡ್ರಿನ್ ಎಂಬ ಉತ್ತೇಜಕ ಮದ್ದು ಬರುವುದು ಅದರಿಂದಲೇ. ಬೆವರಿಸುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರಿಸುತ್ತದೆ. 103 ಜ್ವರದಲ್ಲಿ ಎದೆ ಮೊದಲೇ ಓಡುತ್ತಿರುತ್ತದೆ. ನಾಳೆ ವೈದ್ಯರಿಗೆ ಆ ಪೊಟ್ಟಣವನ್ನು ತಪ್ಪದೆ ತೋರಿಸಿ. ನಾಟಿ ಮದ್ದು ಎಂದು ಸಂಕೋಚಪಟ್ಟು ಮುಚ್ಚಿಡಬೇಡಿ.

ಗೋಕುಲಂ ನಿವೃತ್ತ ಶಿಕ್ಷಕಿ (ಬುಧವಾರ, ಸಂಜೆ 6.15)

ಎನ್‌ಎಸ್1 ಪಾಸಿಟಿವ್ ಬಂದಿದೆ. ಡೆಂಗಿ. ಮಲೇರಿಯಾ ಇಲ್ಲ. ಪ್ಲೇಟ್‌ಲೆಟ್ 1,40,000. ಮನೆಯಲ್ಲೇ ಇರಲಿ, ಪ್ರತಿದಿನ ರಕ್ತ ತೋರಿಸಿ ಎಂದಿದ್ದಾರೆ.

ಮಂಡ್ಯದ ತಂಗಿಗೆ ನಾನು ಹೇಗೆ ಕೃತಜ್ಞತೆ ಹೇಳಲಿ. ನಿನ್ನೆ ರಾತ್ರಿಯೇ ಕಂಬಳಿ ತೆಗೆಸಿದೆ. ದೇಗುವಿನಲ್ಲಿದ್ದವರು ಹೇಳಿದ ಎರಡು ಹಂತದ ಮಾತನ್ನು ಅನುವಾದಿಸಿ ತೋರಿಸಿದಾಗ ಹುಡುಗಿ ಎದ್ದು ಕುಳಿತು ಎರಡು ಸಲ ಓದಿದಳು. ತಾಯಿಗೆ ಫೋನ್ ಮಾಡಿ ಕೊಟ್ಟಳು. ಆ ತಾಯಿ ಅಳುತ್ತಿದ್ದರು, ಭಾಷೆ ಬಾರದಿದ್ದರೂ ನನಗೆ ಗೊತ್ತಾಯಿತು. ಪೊಟ್ಟಣ ನೀವು ಹೇಳಿದ್ದೇ. ವೈದ್ಯರು ಅದನ್ನು ನೋಡಿ ಇನ್ನು ಬೇಡ ಎಂದರು.

ಒಂದು ಸಂದೇಹ. ತಾನು "ಸೊಉಮಿನ್", ತನಗೆ ಬೆವರು ಆಗಿಬರುವುದಿಲ್ಲ ಎಂದು ಚಿಕ್ಕಂದಿನಲ್ಲಿ ಅಜ್ಜ ಹೇಳಿದ್ದರಂತೆ, ಈಗ ನೆನಪಾಯಿತು ಎನ್ನುತ್ತಿದ್ದಾಳೆ. ಹಾಗೆಂದರೇನು?

ಶ್ರೀರಂಗಪಟ್ಟಣದ ಮೇಷ್ಟ್ರು (ಬುಧವಾರ, ರಾತ್ರಿ 8.30)

ಮಲೇರಿಯಾ ಇಲ್ಲ ಎಂಬ ಮಾತು ಓದಿ ನೆಮ್ಮದಿಯಾಯಿತು. ನಮ್ಮೂರಿನವರಿಗೆ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಹಿರಿಯರ ಕಥೆಗಳೆಲ್ಲ ಎದ್ದು ಬರುತ್ತವೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ಬೆಂಗಳೂರಿಗೆ ಸಾಗಿಸಿದ್ದು ಇಲ್ಲಿಯ ಸೊಳ್ಳೆ, ಜ್ವರ ತಾಳಲಾರದೆ. ಕೃಷ್ಣರಾಜಸಾಗರದ ಇರ್ವಿನ್ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದಾಗ ಕಬ್ಬು ಭತ್ತದ ಜೊತೆಗೆ ಚಳಿಜ್ವರವೂ ಬಂತು. ನನ್ನ ಅಜ್ಜನ ಇಬ್ಬರು ತಂಗಿಯರು ಅದರಲ್ಲೇ ಹೋದರು.

ಚೀನಾದ ವೈದ್ಯದ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಅಲ್ಲಿ ನಾಲ್ಕನೇ ಶತಮಾನದಲ್ಲಿ ಗೆ ಹೊಂಗ್ ಎಂಬುವನು ತುರ್ತು ಮದ್ದುಗಳ ಕೈಪಿಡಿಯೊಂದನ್ನು ಬರೆದ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಅದರಲ್ಲಿ ಹೇಳಿದ್ದು: ಚಿಂಗ್‌ಹಾವ್ ಸೊಪ್ಪು ಒಂದು ಹಿಡಿ, ಎರಡು ಅಳತೆ ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿ. ನಮ್ಮಲ್ಲಿ ಹೂವಿನ ಹಾರಕ್ಕೆ ಸೇರಿಸುವ ದವನದ ಕುಲದ್ದೇ ಗಿಡ ಅದು. ಆದರೆ ದವನದಿಂದ ಈ ಕೆಲಸ ಆಗುವುದಿಲ್ಲ, ಯಾರೂ ಪ್ರಯೋಗ ಮಾಡಬೇಡಿ.

1967ರ ಮೇ 23ರಂದು ಚೀನಾ ಸರ್ಕಾರ ಮಲೇರಿಯಾಕ್ಕೆ ಮದ್ದು ಹುಡುಕುವ ಯೋಜನೆ ಶುರು ಮಾಡಿತು. ಟೂ ಯೂಯೂ ಎಂಬ ವಿಜ್ಞಾನಿ ತಮ್ಮ ತಂಡದೊಂದಿಗೆ ಹಳೆಯ ಗ್ರಂಥಗಳನ್ನು ಜಾಲಾಡಿದರು. ಈ ಸೊಪ್ಪಿನ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ಗೆ ಹೊಂಗನ ಆ ಸಾಲನ್ನು ಮತ್ತೆ ಓದಿದಾಗ ಅವರಿಗೆ ಹೊಳೆದದ್ದು ಅಲ್ಲಿ ಇಲ್ಲದ ಒಂದು ಪದ: ಕುದಿಸು. ಅವನು ನೆನೆಸಿ ಹಿಂಡು ಎಂದಿದ್ದಾನೆ, ಬೇಯಿಸು ಎಂದಿಲ್ಲ. ಕಾವಿನಲ್ಲಿ ಗುಣ ಕೆಡುತ್ತಿರಬಹುದು ಎಂದು ಯೋಚಿಸಿ, ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ಈಥರ್ ಎಂಬ ದ್ರವ ಬಳಸಿ ಸಾರ ತೆಗೆದರು. 1971ರಲ್ಲಿ ಪ್ರಯೋಗದ ಇಲಿಗಳ ರಕ್ತದಲ್ಲಿ ಮಲೇರಿಯಾ ಪೂರ್ತಿ ಅಳಿಯಿತು. ಅದೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾಕ್ಕೆ ಕೊಡುವ ಮಾತ್ರೆಯಲ್ಲಿರುವುದು ಆ ಕುಲದ ಮದ್ದೇ.

ಮಕ್ಕಳಿಗೆ ಪಾಠ ಹೇಳುವಾಗ ನಾನು ಇದನ್ನು ಪ್ರತಿವರ್ಷ ಹೇಳುತ್ತೇನೆ. ಹಳೆಯ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿ ಇಟ್ಟಿದ್ದರೂ, ಕಂತೆ ಎಂದು ಎಸೆದಿದ್ದರೂ ಈ ಮದ್ದು ಸಿಗುತ್ತಿರಲಿಲ್ಲ.

ದೇಗುವಿನಲ್ಲಿದ್ದವಳು (ಬುಧವಾರ, ರಾತ್ರಿ 10.10)

ಮೇಷ್ಟ್ರೇ, ಆ "ಇಲ್ಲದ ಪದ"ದ ಮಾತು ಓದಿ ಮೈ ನವಿರೆದ್ದಿತು.

ಮೇಡಂ, ಸೊಉಮಿನ್ ಎನ್ನುವುದು ಚೀನಾದ್ದಲ್ಲ, ಕೊರಿಯಾದ್ದೇ ಸ್ವಂತ ವಿಚಾರ. ಅಲ್ಲಿಯ ವೈದ್ಯಕ್ಕೆ ಅಡಿಪಾಯ ಹಾಕಿದ್ದು ರಾಜವೈದ್ಯ ಹೊ ಜುನ್. ಅವನ 25 ಸಂಪುಟಗಳ ದೊಂಗುಯಿ ಬೊಗಾಮ್ 1613ರಲ್ಲಿ ಅಚ್ಚಾಯಿತು. ಗಿಡಮೂಲಿಕೆಗಳ ಹೆಸರನ್ನು ಪಂಡಿತರ ಚೀನೀ ಲಿಪಿಯಲ್ಲಷ್ಟೇ ಬಿಡದೆ ಜನರ ಲಿಪಿಯಲ್ಲೂ ಬರೆದ, ಹಳ್ಳಿಯವರು ಹಿತ್ತಲಲ್ಲೇ ಗುರುತಿಸಿಕೊಳ್ಳಲಿ ಎಂದು. ಆದರೆ ನಿಮ್ಮ ಹುಡುಗಿಯ ಅಜ್ಜ ಹೇಳಿದ್ದು ಅದಾದ ಮೇಲೆ ಬಂದ ಲೀ ಜೆಮಾ ಎಂಬ ವೈದ್ಯನ ಮಾತು. ಮನುಷ್ಯರಲ್ಲಿ ನಾಲ್ಕು ಪ್ರಕೃತಿ, ಒಂದೇ ಜ್ವರಕ್ಕೂ ಒಬ್ಬೊಬ್ಬರಿಗೆ ಬೇರೆ ಮದ್ದು ಎಂದು ಅವನು 1894ರಲ್ಲಿ ಬರೆದ. ನಮ್ಮ ವಾತ, ಪಿತ್ತ, ಕಫ ಪ್ರಕೃತಿಯವರಿಗೆ ಇದು ಹೊಸದೆನಿಸುವುದಿಲ್ಲ. ಅವನ ಪ್ರಕಾರ ಒಂದು ಪ್ರಕೃತಿಯವರು ಬೆವರಿದರೆ ಹಗುರಾಗುತ್ತಾರೆ. ಸೊಉಮಿನ್ ಎಂದರೆ ಶೀತ ಪ್ರಕೃತಿ, ಜೀರ್ಣಶಕ್ತಿ ಮೃದು. ಅಂಥವರು ವಿಪರೀತ ಬೆವರಿದರೆ ಕೆಟ್ಟ ಸೂಚನೆ. ಅಜ್ಜ ಸರಿಯಾಗಿಯೇ ಹೇಳಿದ್ದರು.

ಇನ್ನು ಮೂರು ದಿನ ಮೈ ಮೇಲೆ ಕಣ್ಣಿಡಿ. ಚೀನಾದಲ್ಲಿ 1641ರ ಸುಮಾರಿಗೆ ದೊಡ್ಡ ಸಾಂಕ್ರಾಮಿಕ ಬಂದಾಗ ಶೀತಕ್ಕೆ ಬರೆದ ಹಳೆಯ ಕಷಾಯಗಳು ಕೈಕೊಟ್ಟವು. ವೂ ಯೌಶಿಂಗ್ ಎಂಬ ವೈದ್ಯ 1642ರಲ್ಲಿ ಇದು ಚಳಿಗಾಳಿಯ ರೋಗವಲ್ಲ, ಮೂಗು ಬಾಯಿಯಿಂದ ಒಳಬರುವ ಬೇರೆಯೇ ವಿಷ ಎಂದು ಧೈರ್ಯವಾಗಿ ಬರೆದ. ಮುಂದೆ ಬಂದವರು ಬಿಸಿ ಜ್ವರಗಳಿಗೆ ನಾಲ್ಕು ಪದರ ಗುರುತಿಸಿದರು, ಕೊನೆಯದು ರಕ್ತ. ಮೈಮೇಲೆ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಬುದ್ಧಿ ಮಂಕಾಗುವುದು ಕಂಡರೆ ರೋಗ ಅಲ್ಲಿಗೆ ಇಳಿದಿದೆ ಎಂದು ಅವರೂ ಬೆಚ್ಚುತ್ತಿದ್ದರು. ಅವರ ಬಳಿ ಆಗ ಡ್ರಿಪ್ ಇರಲಿಲ್ಲ, ನಮ್ಮ ಬಳಿ ಇದೆ.

ಮಂಡ್ಯದ ನರ್ಸ್ (ಬುಧವಾರ, ರಾತ್ರಿ 10.25)

ಜ್ವರ ಇಳಿದ ದಿನ ಗೆದ್ದೆವು ಎಂದುಕೊಳ್ಳಬೇಡಿ ಅಮ್ಮ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಕಷ್ಟದ್ದು.

ಗೋಕುಲಂ ನಿವೃತ್ತ ಶಿಕ್ಷಕಿ (ಮುಂದಿನ ಮಂಗಳವಾರ, ಮಧ್ಯಾಹ್ನ 3.30)

ಮಂಡ್ಯದ ತಂಗಿ ಹೇಳಿದ ಹಾಗೆಯೇ ಆಯಿತು. ಶುಕ್ರವಾರ ಬೆಳಿಗ್ಗೆ ಜ್ವರ ಬಿಟ್ಟಿತು, ಮಧ್ಯಾಹ್ನಕ್ಕೆ ಹೊಟ್ಟೆ ಹಿಡಿದುಕೊಂಡು ಮುದುಡಿದಳು. ಕೂಡಲೇ ಆಟೋ ಹತ್ತಿಸಿದೆವು. ಪ್ಲೇಟ್‌ಲೆಟ್ 58,000ಕ್ಕೆ ಬಂದಿತ್ತು. ಮೂರು ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ನಿನ್ನೆ ಮನೆಗೆ ಬಂದಳು. ಈಗ 1,20,000.

ಮನೆಯ ಗಂಜಿಯನ್ನು ನಾನು ಸ್ಟೀಲ್ ಡಬ್ಬಿಯಲ್ಲಿ ಆಸ್ಪತ್ರೆಗೂ ಒಯ್ಯುತ್ತಿದ್ದೆ. ಅವರಲ್ಲಿ ಅದಕ್ಕೆ "ಜುಕ್" ಎಂದು ಹೆಸರು. ನಮ್ಮದರಲ್ಲಿ ಅನ್ನ ಬೇರೆ, ತಿಳಿ ಬೇರೆ ನಿಲ್ಲುತ್ತದೆ, ಅವರದರಲ್ಲಿ ಅಕ್ಕಿ ಕರಗಿ ಒಂದಾಗಬೇಕಂತೆ. ಇವತ್ತು ಬೆಳಿಗ್ಗೆ ಅಡುಗೆಮನೆಗೆ ಬಂದು, ಮಣೆಯ ಮೇಲೆ ಕುಳಿತು, ಅರ್ಧ ಲೋಟ ನೆನೆಸಿದ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕೈ ಬಿಡದೆ ತಿರುವಿದಳು. ನಾನು ತಿರುವುತ್ತೇನೆ ಕೊಡು ಎಂದರೂ ಸೌಟು ಬಿಡಲಿಲ್ಲ. ಮೇಲೆ ನಾಲ್ಕು ಹನಿ ಎಳ್ಳೆಣ್ಣೆ. ಎರಡು ಬಟ್ಟಲಿಗೆ ಹಾಕಿ ಒಂದನ್ನು ನನ್ನ ಮುಂದಿಟ್ಟಳು.

ಉಪ್ಪು ಕಡಿಮೆ ಇತ್ತು. ನಾನು ನೆಲ್ಲಿಕಾಯಿ ಉಪ್ಪಿನಕಾಯಿಯ ಜಾಡಿ ತೆಗೆದೆ. ಡೆಂಗಿ ಆದವರಿಗೆ ಈಗಲೇ ಒಂದು ಹೋಳು ಕೊಡಬಹುದೇ, ತಂಗಿ? ಕೇಳುತ್ತಿದ್ದಾಳೆ.